ಡಿಶ್‌ನಿಂದ ಓಣಿಯ ಕೊನೆಯ ಮನೆಗೆ: ಹುಬ್ಬಳ್ಳಿಯಲ್ಲಿ ಕೇಬಲ್ ಟಿವಿ ಕಟ್ಟಿದ ಬಗೆ

ಟಿವಿಯಲ್ಲಿ ಜಾಹೀರಾತು ಬರುವುದು ತೊಂಬತ್ತರ ದಶಕಕ್ಕೆ ಹೊಸದೇನಾಗಿರಲಿಲ್ಲ. ದೂರದರ್ಶನ 1976ರ ಜನವರಿ 1ರಿಂದಲೇ ಜಾಹೀರಾತು ಹಾಕುತ್ತಿತ್ತು. 1984ರಿಂದ ಕಂಪನಿಗಳು ಇಡೀ ಧಾರಾವಾಹಿಯನ್ನೇ ಪ್ರಾಯೋಜಿಸತೊಡಗಿದವು. ಹೊಸದಾಗಿದ್ದು ಬರೀ ಜಾಹೀರಾತಿನ ದುಡ್ಡಿನ ಮೇಲೆ ನಡೆಯುವ ಖಾಸಗಿ ಚಾನೆಲ್ಲು. 1991ರಲ್ಲಿ ಏಷ್ಯಾಸ್ಯಾಟ್-1 ಉಪಗ್ರಹದಿಂದ ಸ್ಟಾರ್ ಟಿವಿಯ ಚಾನೆಲ್‌ಗಳು ಶುರುವಾದವು, 1992ರ ಅಕ್ಟೋಬರ್ 2ರಂದು ಅದೇ ಉಪಗ್ರಹಕ್ಕೆ ಝೀ ಟಿವಿ ಬಂತು. ಲಾಕ್ ಇಲ್ಲ, ಡಿಕೋಡರ್ ಇಲ್ಲ. ಡಿಶ್ ಇದ್ದವನಿಗೆ ಪುಕ್ಕಟೆ. ನೋಡುವವರು ಹೆಚ್ಚಾದಷ್ಟೂ ಚಾನೆಲ್‌ನವರ ಜಾಹೀರಾತಿನ ದರ ಏರುತ್ತಿತ್ತು, ಆದರೆ ಮನೆಮನೆಗೆ ಚಿತ್ರ ಮುಟ್ಟಿಸುವ ಖರ್ಚು ಅವರದಲ್ಲ. ಅದನ್ನು ಹೊತ್ತುಕೊಂಡಿದ್ದು ಓಣಿಯ ಕೇಬಲ್‌ನವನು. ಅವನಿಗೆ ಸಿಗುತ್ತಿದ್ದದ್ದು ತಿಂಗಳ ಚಂದಾ ಮಾತ್ರ.

ಆ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇವೆ. ಡಿಶ್ ನೋಡಲು ದೊಡ್ಡದು, ಹೋಗಿಬರುವವರೆಲ್ಲ ತಲೆಯೆತ್ತಿ ನೋಡುವುದೂ ಅದನ್ನೇ. ಆದರೆ ಆಕಾಶದಿಂದ ಚಿತ್ರ ಇಳಿಸುವುದು ಒಂದೆರಡು ದಿನದ ಕೆಲಸ. ಅದೇ ಚಿತ್ರವನ್ನು ಕೆಡದಂತೆ ಇನ್ನೂರೈವತ್ತು ಮೀಟರ್ ಆಚೆಯ ಮನೆಗೆ ಒಯ್ಯುವುದು ಮುಗಿಯದ ಕೆಲಸ.

ಮೊದಲು ಜಾಗ. ಏಷ್ಯಾಸ್ಯಾಟ್-1 ಇದ್ದದ್ದು ಭೂಮಧ್ಯರೇಖೆಯ ಮೇಲೆ, 105.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಹುಬ್ಬಳ್ಳಿಯಿಂದ ಲೆಕ್ಕ ಹಾಕಿದರೆ ಅದು ಉತ್ತರದಿಂದ 114 ಡಿಗ್ರಿ, ಎಂದರೆ ನೇರ ಪೂರ್ವಕ್ಕಿಂತ 24 ಡಿಗ್ರಿ ದಕ್ಷಿಣಕ್ಕೆ ಬರುತ್ತದೆ. ನೆಲಮಟ್ಟದಿಂದ ಎತ್ತರ ಸುಮಾರು 51 ಡಿಗ್ರಿ. ಧಾರವಾಡಕ್ಕೂ ಗದಗಕ್ಕೂ ಒಂದು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲ. ಈ 51 ಡಿಗ್ರಿ ನಮಗೆ ಅನುಕೂಲವೇ ಆಗಿತ್ತು. ಡಿಶ್‌ಗಿಂತ 20 ಅಡಿ ಎತ್ತರದ ಗೋಡೆಯೋ ನೀರಿನ ಟಾಕಿಯೋ ಆ ದಿಕ್ಕಿನಲ್ಲಿದ್ದರೂ ಅದು 16 ಅಡಿಗಿಂತ ದೂರವಿದ್ದರೆ ಅಡ್ಡ ಬರುವುದಿಲ್ಲ. ಅಂಚಿನ ಲೆಕ್ಕಕ್ಕೆ ಇನ್ನಷ್ಟು ಅಡಿ ಬಿಟ್ಟುಕೊಂಡರೆ ಸಾಕು. ತೆಂಗಿನಮರದ ವಿಷಯದಲ್ಲಿ ಮಾತ್ರ ಇವತ್ತಿನ ಎತ್ತರ ನೋಡಿದರೆ ಸಾಲದು, ನಾಲ್ಕು ವರ್ಷದ ಮೇಲೆ ಎಷ್ಟಾದೀತು ಎಂದು ಅಂದಾಜು ಮಾಡಬೇಕು.

ಹಂಚಿನ ಮನೆಯ ಮೇಲೆ ಡಿಶ್ ಕೂರಿಸಲಾಗದು. ಹಿತ್ತಲಿನ ಎರೆಮಣ್ಣಿನಲ್ಲಿ ಕಂಬ ಹುಗಿಯುವುದು ಅದಕ್ಕಿಂತ ಕೆಟ್ಟದ್ದು. ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಎರೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತದೆ. ಕಂಬ ಒಂದು ಡಿಗ್ರಿ ವಾಲಿದರೂ ಚಿತ್ರ ಹೋಯಿತು. ನೆಲದಲ್ಲೇ ಹಾಕಬೇಕಾದರೆ ಎರೆಯ ಪದರ ದಾಟಿ ಗರಸು ಸಿಗುವತನಕ ಅಗೆದು ಕಾಂಕ್ರೀಟ್ ತುಂಬಬೇಕು. ಅದರ ಬದಲು ಆರ್‌ಸಿಸಿ ಸ್ಲ್ಯಾಬಿನ ಮೇಲೆ, ಕೆಳಗೆ ಗೋಡೆ ಅಥವಾ ಕಂಬ ಇರುವ ಜಾಗ ನೋಡಿ ಕೂರಿಸುವುದು ಲೇಸು. ಸ್ಲ್ಯಾಬಿಗೆ ಬೋಲ್ಟ್ ಹೊಡೆದಲ್ಲಿ ನೀರು ಇಳಿಯದಂತೆ ಡಾಂಬರು ಸುರಿಯದಿದ್ದರೆ ಮೊದಲ ಮಳೆಗೇ ಮನೆಯ ಯಜಮಾನರು ಕೇಳಲು ಬರುತ್ತಾರೆ.

ಇನ್ನೊಂದು ಕಣ್ಣಿಗೆ ಕಾಣದ ಅಡ್ಡಿ. ಡಿಶ್ ಹಿಡಿಯುವ ತರಂಗ 3.7ರಿಂದ 4.2 ಗಿಗಾಹರ್ಟ್ಸ್. ದೂರವಾಣಿ ಇಲಾಖೆಯ ಕೆಲವು ಮೈಕ್ರೋವೇವ್ ಸಂಪರ್ಕಗಳೂ ಇದೇ ಆಸುಪಾಸಿನಲ್ಲಿ ನಡೆಯುತ್ತಿದ್ದವು. ಅಂಥ ಗೋಪುರದ ದಾರಿಗೆ ಸಿಕ್ಕರೆ ಒಂದೆರಡು ಚಾನೆಲ್ ಮಾತ್ರ ಹಾಳಾಗುತ್ತವೆ, ಉಳಿದವು ಸ್ವಚ್ಛವಾಗಿರುತ್ತವೆ. ಡಿಶ್ ಎಷ್ಟು ತಿರುಗಿಸಿದರೂ ಅದು ಹೋಗುವುದಿಲ್ಲ. ಡಿಶ್ಶನ್ನು ಪಕ್ಕದ ಕಟ್ಟಡದ ಮರೆಗೆ ಸರಿಸುವುದೊಂದೇ ದಾರಿ.

ಡಿಶ್ ಬರುತ್ತಿದ್ದದ್ದು ಎಸಳು ಎಸಳಾಗಿ: ಅಲ್ಯುಮಿನಿಯಂ ಚೌಕಟ್ಟು, ಮೇಲೆ ಜಾಳಿಗೆ. 4 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಏಳೂವರೆ ಸೆಂಟಿಮೀಟರ್, ಹಾಗಾಗಿ ಜಾಳಿಗೆಯ ಕಣ್ಣು ಕೆಲವೇ ಮಿಲಿಮೀಟರ್ ಇದ್ದರೆ ತರಂಗಕ್ಕೆ ಅದು ತಗಡೇ. ಗಾಳಿಗೆ ಮಾತ್ರ ಜಾಳಿಗೆ. ಜೂನ್‌ನಿಂದ ಇಲ್ಲಿ ಬೀಸುವ ಪಡುವಣ ಗಾಳಿ ಪೂರ್ವಕ್ಕೆ ಮುಖಮಾಡಿದ ಡಿಶ್‌ನ ಬೆನ್ನಿಗೇ ಬೀಳುತ್ತದೆ. ತಗಡಿನ ಡಿಶ್ ಆಗಿದ್ದರೆ ಸ್ಲ್ಯಾಬನ್ನೇ ಕಿತ್ತುಕೊಂಡು ಹೋಗುತ್ತಿತ್ತು. ಜಾಳಿಗೆಯಾದರೂ ಹಿಂದಿನಿಂದ ಎರಡು ಪೈಪಿನ ಆಸರೆ ಕೊಡಲೇಬೇಕು.

ಎಸಳು ಜೋಡಿಸಿದ ಮೇಲೆ ನಟ್ಟು ಬಿಗಿಯುವ ಮುನ್ನ ದಾರದ ಪರೀಕ್ಷೆ. ಅಂಚಿನಿಂದ ಅಂಚಿಗೆ ಎರಡು ದಾರವನ್ನು ಅಡ್ಡಡ್ಡ ಬಿಗಿಯಾಗಿ ಕಟ್ಟಿ. ನಡುವೆ ಅವು ಒಂದನ್ನೊಂದು ಸುಮ್ಮನೆ ತಾಗಬೇಕು. ನಡುವೆ ಬೆರಳು ತೂರಿದರೆ, ಇಲ್ಲವೇ ಒಂದು ದಾರ ಇನ್ನೊಂದನ್ನು ಒತ್ತುತ್ತಿದ್ದರೆ, ಡಿಶ್ ತಿರುಚಿಕೊಂಡಿದೆ. ಮೇಲ್ಮೈ ನಾಲ್ಕೈದು ಮಿಲಿಮೀಟರಿಗಿಂತ ಹೆಚ್ಚು ಏರುಪೇರಾದರೆ ಬಿದ್ದ ತರಂಗ ಒಂದೆಡೆ ಕೂಡುವುದಿಲ್ಲ.

ದಾರ ಕಟ್ಟಿದಾಗಲೇ ಆಳವನ್ನೂ ಅಳೆಯಬೇಕು. ವ್ಯಾಸದ ವರ್ಗವನ್ನು ಆಳದ ಹದಿನಾರು ಪಟ್ಟಿನಿಂದ ಭಾಗಿಸಿದರೆ ನಾಭಿಯ, ಅಂದರೆ ತರಂಗವೆಲ್ಲ ಬಂದು ಕೂಡುವ ಜಾಗದ, ದೂರ ಸಿಗುತ್ತದೆ. 12 ಅಡಿಯ ಡಿಶ್ ಎಂದರೆ 144 ಇಂಚು. ಆಳ 24 ಇಂಚು ಬಂದರೆ ನಾಭಿ 54 ಇಂಚು. ಮಾರಿದವರು ಕೊಟ್ಟ ಚೀಟಿಯ ಅಂಕಿಗಿಂತ ಈ ಅಳತೆಯನ್ನೇ ನಂಬಬೇಕು. ಅದೇ ನಮೂನೆಯ ಎಸಳು ಸಾಗಣೆಯಲ್ಲಿ ಬಾಗಿ ಬಂದಿದ್ದರೆ ಆಳ ಅರ್ಧ ಇಂಚು ಹೆಚ್ಚುಕಡಿಮೆ ಆಗುತ್ತದೆ, ನಾಭಿ ಒಂದು ಇಂಚಿಗೂ ಮಿಕ್ಕಿ ಸರಿಯುತ್ತದೆ. ಕೂಡಿದ ತರಂಗವನ್ನು ಒಳಗೆ ತೆಗೆದುಕೊಳ್ಳುವ ಕೊಳವೆಯಾದ ಫೀಡ್ ಹಾರ್ನ್‌ನ ಬಾಯಿ ಈ ದೂರದಲ್ಲಿ, ಸರಿಯಾಗಿ ನಟ್ಟನಡುವೆ ನಿಲ್ಲಬೇಕು. ಹಾರ್ನ್‌ನ ಅಂಚಿನಿಂದ ಡಿಶ್‌ನ ಅಂಚಿಗೆ ನಾಲ್ಕು ಕಡೆ ಟೇಪು ಹಿಡಿದರೆ ನಾಲ್ಕೂ ಅಳತೆ ಒಂದೇ ಬರಬೇಕು. ನಾಭಿಯನ್ನು ವ್ಯಾಸದಿಂದ ಭಾಗಿಸಿದರೆ ಬರುವ 0.375ಕ್ಕೆ ಹೊಂದುವಂತೆ ಹಾರ್ನ್‌ನ ಬಳೆಯನ್ನು 0.38ರ ಗೆರೆಗೆ ಕೂರಿಸಬೇಕು. ಹಾರ್ನ್‌ನ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಮರೆಯಬಾರದು. ಮುಚ್ಚಳ ಬಿದ್ದುಹೋದರೆ ಒಳಗೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಚಿತ್ರ ದಿನದಿಂದ ದಿನಕ್ಕೆ ಕೆಡುತ್ತ ಹೋಗಿ, ಹಾರ್ನ್‌ನ ಹಿಂದಿರುವ, ಸಂಕೇತ ಹಿಗ್ಗಿಸಿ ಕೇಬಲ್ಲಿಗೆ ಕೊಡುವ ಎಲ್‌ಎನ್‌ಬಿ ಸುಟ್ಟಿತೆಂದು ಹೊಸದು ತಂದವರೂ ಇದ್ದಾರೆ.

ಎಲ್‌ಎನ್‌ಬಿ ಕೊಳ್ಳುವಾಗ ನೋಡಬೇಕಾದ ಅಂಕಿ ಕೆಲ್ವಿನ್, ಅಂದರೆ ಅದು ತಾನೇ ಸೇರಿಸುವ ಗದ್ದಲದ ಅಳತೆ. ಕಡಿಮೆ ಇದ್ದಷ್ಟೂ ಒಳ್ಳೆಯದು. 12 ಅಡಿ ಡಿಶ್‌ಗೆ ಕಡಿಮೆ ಕೆಲ್ವಿನ್ನಿನ ಎಲ್‌ಎನ್‌ಬಿ ಹಾಕಿದರೆ, ದೊಡ್ಡ ಡಿಶ್‌ಗೆ ಹಳೆಯ ಎಲ್‌ಎನ್‌ಬಿ ಹಾಕಿದ್ದಕ್ಕೆ ಸಮವಾಗಬಹುದು. ಸ್ಲ್ಯಾಬಿನ ಮೇಲಿನ ಭಾರವೂ ಕಡಿಮೆ. ಎಲ್‌ಎನ್‌ಬಿ ಮೇಲಿನ 4 ಗಿಗಾಹರ್ಟ್ಸನ್ನು ತನ್ನೊಳಗಿನ 5150 ಮೆಗಾಹರ್ಟ್ಸ್‌ನಿಂದ ಕಳೆದು 950ರಿಂದ 1450 ಮೆಗಾಹರ್ಟ್ಸ್‌ಗೆ ಇಳಿಸಿ ಕೇಬಲ್ಲಿಗೆ ಕೊಡುತ್ತದೆ. 3900ರ ಚಾನೆಲ್ ರಿಸೀವರಿನಲ್ಲಿ 1250ಕ್ಕೆ ಸಿಗುತ್ತದೆ ಎಂಬ ಈ ಕಳೆಯುವ ಲೆಕ್ಕ ಗೊತ್ತಿಲ್ಲದಿದ್ದರೆ ಇಡೀ ರಾತ್ರಿ ಗುಂಡಿ ತಿರುಗಿಸಬಹುದು.

ಗುರಿ ಹಿಡಿಯಲು ರಿಸೀವರನ್ನೂ ಒಂದು ಚಿಕ್ಕ ಟಿವಿಯನ್ನೂ ಮಾಳಿಗೆಗೇ ಒಯ್ಯಬೇಕು. ಕೆಳಗಿನಿಂದ ಒಬ್ಬರು ‘ಬಂತು, ಹೋತು’ ಎಂದು ಕೂಗುತ್ತ, ಮೇಲೆ ಇನ್ನೊಬ್ಬರು ತಿರುಗಿಸುತ್ತ ಇದ್ದರೆ ಆಗದು. ದಿಕ್ಸೂಚಿಯನ್ನು ಡಿಶ್‌ನ ಬುಡದಲ್ಲಿ ಇಟ್ಟರೆ ಸ್ಲ್ಯಾಬಿನೊಳಗಿನ ಸರಳು ಮುಳ್ಳನ್ನು ಎಳೆಯುತ್ತದೆ. ಹತ್ತು ಹೆಜ್ಜೆ ದೂರ ನಿಂತು, ಎದೆಯ ಎತ್ತರಕ್ಕೆ ಹಿಡಿದು ಗುರುತು ಮಾಡಿಕೊಳ್ಳಬೇಕು. ಎತ್ತರಕ್ಕೆ ಶಾಲೆಯ ಕೋನಮಾಪಕ, ಒಂದು ದಾರ, ದಾರದ ತುದಿಗೆ ಒಂದು ನಟ್ಟು ಸಾಕು. 12 ಅಡಿ ಡಿಶ್‌ನ ನೋಟದ ಅಗಲ ಸುಮಾರು ಒಂದೂವರೆ ಡಿಗ್ರಿ. ಅಂಚು ಒಂದೂಕಾಲು ಇಂಚು ಸರಿದರೆ ಒಂದು ಡಿಗ್ರಿ ಹೋದಂತೆ, ಆದ್ದರಿಂದ ತಿರುಗಿಸುವಾಗ ಅವಸರ ಕೂಡದು. ಎತ್ತರ 51ಕ್ಕೆ ಇಟ್ಟು ಪೂರ್ವದಿಂದ ದಕ್ಷಿಣಕ್ಕೆ ಮೆಲ್ಲಗೆ ತಿರುಗಿಸಿ. ಏನೂ ಸಿಗದಿದ್ದರೆ ಎತ್ತರ ಒಂದು ಡಿಗ್ರಿ ಬದಲಿಸಿ ಮತ್ತೆ ತಿರುಗಿಸಿ. ತೆರೆಯ ಗಿಜಿಗಿಜಿಯಲ್ಲಿ ಒಂದು ಆಕೃತಿ ಕಂಡರೆ ಅಲ್ಲೇ ನಿಲ್ಲಿಸಿ, ಫೀಡ್ ಹಾರ್ನನ್ನು ತಿರುವಿ ಬಾಲವಿರುವ ಚುಕ್ಕೆಗಳು ಕಡಿಮೆಯಾಗುವಲ್ಲಿಗೆ ತನ್ನಿ. ಇದು ಧ್ರುವೀಕರಣ, ಅಂದರೆ ತರಂಗ ಕಂಪಿಸುವ ದಿಕ್ಕಿಗೆ ಫೀಡನ್ನು ಹೊಂದಿಸುವುದು. ಅಡ್ಡ, ಉದ್ದ ಎರಡೂ ಬೇಕಾದರೆ ಎರಡು ಎಲ್‌ಎನ್‌ಬಿ ಹಿಡಿಯುವ ಫೀಡು ಹಾಕಬೇಕು. ನಟ್ಟು ಬಿಗಿಯುವಾಗ ಡಿಶ್ ಮತ್ತೆ ಸರಿಯುತ್ತದೆ. ಎದುರುಬದುರಿನ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ಕಣ್ಣು ಟಿವಿಯ ಮೇಲಿರಲಿ. ಕೊನೆಗೆ ಕಂಬಕ್ಕೂ ತೋಳಿಗೂ ಸೇರಿ ಪೇಂಟಿನ ಒಂದು ಗೆರೆ. ಗಾಳಿಗೆ ಸರಿದರೆ ಎಲ್ಲಿಗೆ ತಿರುಗಿಸಬೇಕೆಂದು ಮುಂದೆ ಆ ಗೆರೆಯೇ ಹೇಳುತ್ತದೆ.

ಇನ್ನು ಚಾನೆಲ್‌ಗಳನ್ನೆಲ್ಲ ಕೂಡಿಸಿ ಕೇಬಲ್ಲಿಗೆ ಬಿಡುವ ಹೆಡ್‌ಎಂಡ್, ಅಂದರೆ ಒಂದು ಕೋಣೆ, ಒಂದು ರ್‍ಯಾಕ್, ಒಂದು ಸ್ಟೆಬಿಲೈಝರ್. ಒಂದು ಚಾನೆಲ್ಲಿಗೆ ಒಂದು ರಿಸೀವರ್, ಚಿತ್ರವನ್ನು ಟಿವಿಯ ಒಂದು ಚಾನೆಲ್ ಸಂಖ್ಯೆಗೆ ಏರಿಸುವ ಒಂದು ಮಾಡ್ಯುಲೇಟರ್, ಎಲ್ಲವೂ ಒಂದೇ ಕೇಬಲ್ಲಿಗೆ ಸೇರಿಸುವ ಕಂಬೈನರಿಗೆ. ಹಲವು ರಿಸೀವರಿಗೆ ಡಿಶ್ ಕೇಬಲ್ ಹಂಚುವ ಡಿವೈಡರಿನಲ್ಲಿ ಒಂದು ದ್ವಾರ ಮಾತ್ರ ಎಲ್‌ಎನ್‌ಬಿಗೆ ಕರೆಂಟು ದಾಟಿಸಬೇಕು. ಆ ದ್ವಾರದ ರಿಸೀವರ್ ಆರಿಸಿದರೆ ಎಲ್ಲ ಚಾನೆಲ್ಲೂ ಆರುತ್ತವೆ, ಆದ್ದರಿಂದ ಅದರ ಸ್ವಿಚ್ಚಿಗೆ ಟೇಪು ಸುತ್ತುವುದು ವಾಡಿಕೆ.

ಎಷ್ಟು ಚಾನೆಲ್ ಕೊಡಬಹುದು ಎಂಬುದನ್ನು ಆಗ ತೀರ್ಮಾನಿಸುತ್ತಿದ್ದದ್ದು ಉಪಗ್ರಹವಲ್ಲ, ಗಿರಾಕಿಯ ಮನೆಯ ಟಿವಿ. ತಿರುಗುಗುಂಡಿಯ ಟ್ಯೂನರಿಗೆ ಸಿಗುತ್ತಿದ್ದದ್ದು ವಿಎಚ್‌ಎಫ್‌ನ 2ರಿಂದ 12. ಅವುಗಳಲ್ಲೂ ಅಕ್ಕಪಕ್ಕದ ಎರಡನ್ನು ತುಂಬುವಂತಿಲ್ಲ. ಒಂದೊಂದು ಚಾನೆಲ್ಲಿನ ಅಗಲ 7 ಮೆಗಾಹರ್ಟ್ಸ್, ಧ್ವನಿ ಚಿತ್ರಕ್ಕಿಂತ 5.5 ಮೇಲೆ, ಹಾಗಾಗಿ 5ರ ಧ್ವನಿ 6ರ ಚಿತ್ರಕ್ಕೆ ಒಂದೂವರೆ ಮೆಗಾಹರ್ಟ್ಸ್ ಪಕ್ಕದಲ್ಲೇ ಬಂದು ಕೂರುತ್ತದೆ. ಮಾತು ಬಂದಾಗಲೆಲ್ಲ ಚಿತ್ರದಲ್ಲಿ ಗೆರೆ ಕುಣಿಯುತ್ತವೆ. 4ಕ್ಕೂ 5ಕ್ಕೂ ನಡುವೆ ಮಾತ್ರ ನೂರು ಮೆಗಾಹರ್ಟ್ಸ್‌ಗೂ ಹೆಚ್ಚು ಅಂತರವಿದೆ. ಅಲ್ಲಿಗೆ 2, 4, 5, 7, 9, 11: ಒಟ್ಟು ಆರು. ಅದರಲ್ಲೊಂದು ದೂರದರ್ಶನಕ್ಕೆ, ಒಂದು ವಿಸಿಆರ್ ಸಿನಿಮಾಕ್ಕೆ. ಉಳಿದ ನಾಲ್ಕರಲ್ಲಿ ಯಾವುದನ್ನು ಕೊಡುವುದು, ಯಾವುದನ್ನು ಬಿಡುವುದು ಎಂಬ ಜಗಳ ತಿಂಗಳಿಗೊಮ್ಮೆ ಏಳುತ್ತಿತ್ತು. ಹೆಚ್ಚಿನ ಚಾನೆಲ್ ಬೇಕೆಂದರೆ ಒಳ್ಳೆಯ ಫಿಲ್ಟರಿರುವ ಮಾಡ್ಯುಲೇಟರ್ ಬೇಕು, ಧ್ವನಿಯನ್ನು ಚಿತ್ರಕ್ಕಿಂತ 15 ಡೆಸಿಬೆಲ್‌ನಷ್ಟು ತಗ್ಗಿಸಬೇಕು, ಎಲ್ಲ ಚಾನೆಲ್ಲಿನ ಮಟ್ಟ ಸಮವಾಗಿರಬೇಕು.

ಈಗ ಕೇಬಲ್. ಬೇಕಾದದ್ದು 75 ಓಮ್‌ನ ಕೋಆಕ್ಸಿಯಲ್. ಮುಖ್ಯ ದಾರಿಗೆ ಆರ್‌ಜಿ-11, ಮನೆಯೊಳಗೆ ಆರ್‌ಜಿ-6, ಅಗ್ಗಕ್ಕೆ ಆರ್‌ಜಿ-59. 200 ಮೆಗಾಹರ್ಟ್ಸ್‌ನಲ್ಲಿ ನೂರು ಮೀಟರಿಗೆ ಆರ್‌ಜಿ-11 ಸುಮಾರು 6 ಡೆಸಿಬೆಲ್ ತಿನ್ನುತ್ತದೆ, ಆರ್‌ಜಿ-59 ಅದರ ದುಪ್ಪಟ್ಟು. ಟಿವಿಗೆ 60ರಿಂದ 80 ಡಿಬಿ ಮೈಕ್ರೋವೋಲ್ಟ್ ಸಿಗಬೇಕು. ಒಂದು ಲೆಕ್ಕ ನೋಡಿ: ಆಂಪ್ಲಿಫೈಯರಿನಿಂದ 100 ಬಿಟ್ಟೆವು. 250 ಮೀಟರ್ ಆರ್‌ಜಿ-11ಕ್ಕೆ 15 ಹೋಯಿತು. ದಾರಿಯ ಮೂರು ಟ್ಯಾಪ್ (ಮುಖ್ಯ ಕೇಬಲ್ಲಿನಿಂದ ಮನೆಗೆ ಒಂದಿಷ್ಟು ಸಂಕೇತ ತೆಗೆಯುವ ಡಬ್ಬಿ) ದಾಟಲು ಒಂದೂವರೆಯಂತೆ ನಾಲ್ಕೂವರೆ. ಕೊನೆಯ ಟ್ಯಾಪಿನಿಂದ ಮನೆಗೆ ತೆಗೆಯುವಾಗ 12. ಅಲ್ಲಿಂದ ಮನೆಗೆ 30 ಮೀಟರ್ ಆರ್‌ಜಿ-59ಕ್ಕೆ ಸುಮಾರು 4. ಉಳಿದದ್ದು 64 ಚಿಲ್ಲರೆ, ಚಿತ್ರ ಚಂದ. ಅದೇ 12ರ ಟ್ಯಾಪನ್ನು ಆಂಪ್ಲಿಫೈಯರ್ ಪಕ್ಕದ ಮನೆಗೂ ಹಾಕಿದರೆ ಅಲ್ಲಿ 88 ಆಗಿ ಟಿವಿಯ ಟ್ಯೂನರ್ ಉಸಿರುಗಟ್ಟುತ್ತದೆ. ಅಲ್ಲಿಗೆ 20ರ ಟ್ಯಾಪ್ ಬೇಕು. ಹತ್ತಿರಕ್ಕೆ ದೊಡ್ಡ ಅಂಕಿ, ದೂರಕ್ಕೆ ಸಣ್ಣ ಅಂಕಿ. ಇಷ್ಟೇ ಸಂಗತಿ ತಿಳಿಯದೆ ಎಲ್ಲ ಕಡೆ ಒಂದೇ ನಮೂನೆಯ ಸ್ಪ್ಲಿಟರ್ ಹಾಕಿದ ಜಾಲಗಳು ಊರತುಂಬ ಇದ್ದವು.

ಕೇಬಲ್ ಎಲ್ಲ ಚಾನೆಲ್ಲನ್ನೂ ಸಮನಾಗಿ ತಿನ್ನುವುದಿಲ್ಲ ಎಂಬುದು ಇನ್ನೊಂದು ತೊಡಕು. 200ರಲ್ಲಿ 15 ಡೆಸಿಬೆಲ್ ಹೋಗುವಲ್ಲಿ 50ರಲ್ಲಿ ಏಳೂವರೆ ಮಾತ್ರ. ಓಣಿಯ ಕೊನೆಗೆ 2ನೇ ಚಾನೆಲ್ ಕೊಬ್ಬಿರುತ್ತದೆ, 11 ಸೊರಗಿರುತ್ತದೆ. ಅದಕ್ಕೆ ಕೆಳಗಿನ ಚಾನೆಲ್ಲುಗಳನ್ನು ತಗ್ಗಿಸಿ ಸಮ ಮಾಡುವ ಈಕ್ವಲೈಝರ್ ಹಾಕಬೇಕು, ಇಲ್ಲವೇ ಹೆಡ್‌ಎಂಡಿನಲ್ಲೇ ಮೇಲಿನ ಚಾನೆಲ್ಲುಗಳನ್ನು ತುಸು ಏರಿಸಿ ಬಿಡಬೇಕು. ಆಂಪ್ಲಿಫೈಯರ್ ಸೇರಿಸುತ್ತ ಹೋದರೆ ಎಷ್ಟು ದೂರವಾದರೂ ಹೋಗಬಹುದೆಂಬ ಲೆಕ್ಕ ತಪ್ಪು: ಅವು ಇಮ್ಮಡಿಯಾದಾಗಲೆಲ್ಲ ಚಿತ್ರದ ಸ್ವಚ್ಛತೆ 3 ಡೆಸಿಬೆಲ್ ಇಳಿಯುತ್ತದೆ.

ಕೇಬಲ್ಲನ್ನು ಮಾಳಿಗೆಯಿಂದ ಮಾಳಿಗೆಗೆ ಎಳೆಯುವಾಗ ಅದರ ಭಾರ ಅದರ ಮೇಲೇ ಬೀಳಬಾರದು. ಜೊತೆಗೆ ಜಿಐ ತಂತಿ ಎಳೆದು ಅದಕ್ಕೆ ಕಟ್ಟಬೇಕು. ಕೆಇಬಿ ತಂತಿಯ ಹತ್ತಿರ ಸುಳಿಯಲೇಬಾರದು. ದುರ್ಗದಬೈಲ್, ಕೊಪ್ಪಿಕರ್ ರಸ್ತೆ ಕಡೆ ರಸ್ತೆ ದಾಟಿಸುವಾಗ ಲಾರಿಯ ಎತ್ತರ ನೋಡಿದರೆ ಸಾಲದು, ಗಣಪತಿಯ ಎತ್ತರ ನೋಡಬೇಕು. ಮೆರವಣಿಗೆಯ ದಿನ ಬಿದಿರಿನ ಕೋಲಿನಿಂದ ಎತ್ತಿ ಹಿಡಿಯಲು ಕೇಬಲ್ಲಿನಲ್ಲಿ ಒಂದಿಷ್ಟು ಸಡಿಲು ಬಿಟ್ಟಿರಬೇಕು. ಮನೆಯೊಳಗೆ ಹೋಗುವ ಮುನ್ನ ಕೇಬಲ್ ಒಮ್ಮೆ ಕೆಳಗಿಳಿದು ಮತ್ತೆ ಮೇಲೇರಲಿ, ಮಳೆನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ನಡುವಿನ ತಂತಿ ತಿರುಚಿ ಟೇಪು ಸುತ್ತಿದ ಜೋಡಣೆ ಜೂನ್ ತನಕ ನಡೆಯುತ್ತದೆ. ಆಮೇಲೆ ನೀರು ಹೆಣಿಗೆಯೊಳಗೆ ಇಳಿದು ಮೀಟರುಗಟ್ಟಲೆ ಹರಡುತ್ತದೆ, ಮೊದಲು ಸಾಯುವುದು 11ನೇ ಚಾನೆಲ್. ಎಫ್ ಕನೆಕ್ಟರ್ ಹಾಕಿ, ರಬ್ಬರ್ ಟೇಪು ಸುತ್ತಿ, ನೆನೆದ ತುಂಡನ್ನು ಒಣಗಿಸಲು ಹೋಗದೆ ಕತ್ತರಿಸಿ ಎಸೆಯಬೇಕು.

ಆಂಪ್ಲಿಫೈಯರಿಗೆ ಕರೆಂಟು ಯಾರದೋ ಮನೆಯ ಪ್ಲಗ್ಗಿನಿಂದ. ಅವರಿಗೆ ಚಂದಾ ಮಾಫಿ. ಆ ಮನೆಯವರು ಬೀಗ ಹಾಕಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಮೇನ್ ಆರಿಸಿದರೆ ಮುಂದಿನ ಅಷ್ಟೂ ಮನೆ ಕತ್ತಲು. ಕೇಬಲ್ಲಿನಲ್ಲೇ 60 ವೋಲ್ಟ್ ಎಸಿ ಕಳಿಸಿ ಆಂಪ್ಲಿಫೈಯರ್ ನಡೆಸುವ ಪದ್ಧತಿ ಬಂದ ಮೇಲೆಯೇ ಈ ತಾಪತ್ರಯ ಹೋಗಿದ್ದು.

ಗಿರಾಕಿ ಹೇಳುವ ದೂರನ್ನು ಕಿವಿಗೊಟ್ಟು ಕೇಳಿದರೆ ಅರ್ಧ ದುರಸ್ತಿ ಅಲ್ಲೇ ಆಗುತ್ತದೆ. ‘ಹುಳ ಹರದಾಡಾಕತ್ತಾವ್ರಿ’ ಎಂದರೆ ಬಾಲವಿರುವ ಬಿಳಿ-ಕರಿ ಚುಕ್ಕೆ. ಇದು ಉಪಗ್ರಹದ ಸಂಕೇತ ಕುಗ್ಗಿದ್ದರಿಂದ ಬರುವುದು, ಡಿಶ್ ಕಡೆ ನೋಡಬೇಕು. ‘ಮಳಿ ಬಂದಂಗ ಕಾಣತೈತ್ರಿ’ ಎಂದರೆ ಸಣ್ಣ ರವೆಯಂಥ ಗಿಜಿಗಿಜಿ. ಕೇಬಲ್ಲಿನಲ್ಲಿ ಮಟ್ಟ ಇಳಿದಿದೆ, ಆ ಓಣಿಯ ಟ್ಯಾಪು, ಜೋಡಣೆ ನೋಡಬೇಕು. ಎರಡನ್ನೂ ಒಂದೇ ಎಂದುಕೊಂಡು ಮಾಳಿಗೆ ಹತ್ತಿ, ಸರಿಯಿದ್ದ ಡಿಶ್ಶನ್ನು ಅಲುಗಿಸಿದರೆ ಇಡೀ ಏರಿಯಾ ಹಾಳು. ‘ಮೂಗಿನ ಪಕ್ಕ ಇನ್ನೊಂದು ಮೂಗು’ ಎಂದರೆ ಪ್ರತಿಬಿಂಬ. ಅದು ಬಲಕ್ಕಿದ್ದರೆ ಮುಂದೆಲ್ಲೋ ಟ್ಯಾಪಿನ ತುದಿ ಬರಿದಾಗಿದೆ, ತುದಿ ಮುಚ್ಚುವ 75 ಓಮ್ ಟರ್ಮಿನೇಟರ್ ಬೇಕು. 21 ಇಂಚಿನ ಟಿವಿಯಲ್ಲಿ ಪ್ರತಿಬಿಂಬ ನಾಲ್ಕು ಮಿಲಿಮೀಟರ್ ಬಲಕ್ಕೆ ಸರಿದಿದ್ದರೆ, ಆ ಮನೆಯಿಂದ ಸುಮಾರು 50 ಮೀಟರ್ ಮುಂದೆ ಹುಡುಕಿ. ಪ್ರತಿಬಿಂಬ ಎಡಕ್ಕಿದ್ದರೆ ವಿಷಯವೇ ಬೇರೆ: ದೂರದರ್ಶನದ ಗೋಪುರದ ತರಂಗ ಗಾಳಿಯಲ್ಲಿ ನೇರವಾಗಿ ಟಿವಿಯೊಳಗೆ ನುಗ್ಗಿ, ಕೇಬಲ್ಲಿಗಿಂತ ಮೊದಲು ಮುಟ್ಟುತ್ತಿದೆ. ಕೇಬಲ್ಲಿನಲ್ಲಿ ದೂರದರ್ಶನವನ್ನು ಬೇರೆ ಚಾನೆಲ್ಲಿಗೆ ಒಯ್ಯುವುದೇ ಇದಕ್ಕೆ ಮದ್ದು, ಬಿಟ್ಟ ಚಾನೆಲ್ಲಿನಲ್ಲಿ ಏನನ್ನೂ ಹಾಕಬಾರದು.

ಅಡ್ಡಪಟ್ಟಿ ಮೇಲೇರುತ್ತಿದ್ದರೆ ಎಣಿಸಿ. ಎರಡು ಪಟ್ಟಿ ಎಂದರೆ 100 ಹರ್ಟ್ಸ್, ಆಂಪ್ಲಿಫೈಯರಿನ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಒಂದೇ ಪಟ್ಟಿ ಎಂದರೆ 50 ಹರ್ಟ್ಸ್, ಡಯೋಡ್ ಒಂದು ಹೋಗಿದೆ ಇಲ್ಲವೇ ಅರ್ಥಿಂಗ್ ಸರಿಯಿಲ್ಲ. ಒಂದು ಚಾನೆಲ್ಲಿನ ಹಿಂದೆ ಇನ್ನೊಂದರ ಗೆರೆ ವೈಪರಿನಂತೆ ಓಡಾಡಿದರೆ ಆಂಪ್ಲಿಫೈಯರಿಗೆ ಮಿತಿಮೀರಿ ಉಣಿಸಲಾಗಿದೆ. ಮಟ್ಟ ಇಳಿಸಬೇಕು, ಏರಿಸಬಾರದು. ಮಾರ್ಚ್ ಮಧ್ಯದಲ್ಲಿ, ಸೆಪ್ಟೆಂಬರ್ ಕೊನೆಯಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಕೆಲವು ನಿಮಿಷ ಎಲ್ಲ ಚಾನೆಲ್ಲೂ ಹುಳಮಯವಾದರೆ ಯಾವ ನಟ್ಟನ್ನೂ ಮುಟ್ಟಬೇಡಿ. ಸೂರ್ಯ ಉಪಗ್ರಹದ ಬೆನ್ನಿಗೆ ಬಂದು ನಿಂತಿರುತ್ತಾನೆ. ಕೆಲವು ದಿನ ಅದೇ ಹೊತ್ತಿಗೆ ಹೀಗಾಗಿ ತಾನೇ ನಿಲ್ಲುತ್ತದೆ. ಆಗ ಡಿಶ್‌ನಲ್ಲಿ ಫೀಡಿನ ನೆರಳು ನಡುವೆ ಬಿದ್ದಿದೆಯೇ ನೋಡಿಕೊಂಡರೆ ಗುರಿ ಸರಿಯಿದೆಯೋ ಇಲ್ಲವೋ ಪುಕ್ಕಟೆಯಾಗಿ ತಿಳಿಯುತ್ತದೆ.

ಊರಿನ ಜಾಹೀರಾತು ಬರುತ್ತಿದ್ದದ್ದು ವಿಸಿಆರ್ ಚಾನೆಲ್ಲಿಗೆ. ಸೀರೆ ಅಂಗಡಿಯವರಿಗೆ, ಖಾನಾವಳಿಯವರಿಗೆ ದೂರದರ್ಶನದ ದರ ಎಟುಕದು, ಎಟುಕಿದರೂ ರಾಜ್ಯಕ್ಕೆಲ್ಲ ತೋರಿಸಿ ಅವರಿಗೇನು ಲಾಭ? ಸಿನಿಮಾದ ನಡುವೆ ಸೇರಿಸುವ ಜಾಹೀರಾತನ್ನು ಮೂಲ ಕ್ಯಾಸೆಟ್ಟಿನಿಂದಲೇ ಹಾಕಬೇಕು. ನಕಲಿನ ನಕಲಿಗೆ ಹೋದರೆ ವಿಎಚ್‌ಎಸ್‌ನಲ್ಲಿ ಬಣ್ಣ ಸೋರಿ, ಅಂಗಡಿಯ ಹೆಸರೇ ಓದಲು ಬಾರದು.

1994ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ, 1995ರಲ್ಲಿ ಕೇಬಲ್ ಟೆಲಿವಿಷನ್ ಕಾಯ್ದೆ ಬಂತು. ಆಗ ನೋಂದಣಿ ಪ್ರಧಾನ ಅಂಚೆ ಕಚೇರಿಯಲ್ಲಿ ಆಗುತ್ತಿತ್ತು, ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕಿತ್ತು. ದೂರದರ್ಶನದ ಕನಿಷ್ಠ ಎರಡು ಚಾನೆಲ್ ಕಡ್ಡಾಯವಾಗಿತ್ತು. ತೋರಿಸಿದ ಕಾರ್ಯಕ್ರಮಗಳ ದಾಖಲೆ ಇಡಬೇಕಿತ್ತು. ಅದೇ 1994ರಲ್ಲಿ ಉದಯ ಟಿವಿ ಶುರುವಾಗಿ ಕನ್ನಡಕ್ಕೆ ಖಾಸಗಿ ಚಾನೆಲ್ ಸಿಕ್ಕಿತು. ಅಷ್ಟರಲ್ಲಿ ಚಾನೆಲ್‌ಗಳು ಬೇರೆ ಬೇರೆ ಉಪಗ್ರಹಗಳಿಗೆ ಹಂಚಿಹೋಗಿದ್ದವು, ಉಪಗ್ರಹಕ್ಕೊಂದರಂತೆ ಮಾಳಿಗೆಯ ಮೇಲೆ ಡಿಶ್ ಏರಬೇಕಾಯಿತು. ಇನ್‌ಸ್ಯಾಟ್-2ಬಿ 93.5 ಡಿಗ್ರಿಯಲ್ಲಿ, ಹುಬ್ಬಳ್ಳಿಗೆ 62 ಡಿಗ್ರಿ ಎತ್ತರ, ತೊಂದರೆಯಿಲ್ಲ. ರಷ್ಯಾದ ಹಳೆಯ ಗೋರಿಝಾಂಟ್ ಉಪಗ್ರಹಗಳೇ ಪೀಡೆ: ಅವು ದಿನವಿಡೀ ಮೇಲೆ ಕೆಳಗೆ ಓಲಾಡುತ್ತಿದ್ದವು, ಡಿಶ್ಶನ್ನು ಅವುಗಳ ಹಿಂದೆ ತಿರುಗಿಸುತ್ತಿರಬೇಕಿತ್ತು. ವೃತ್ತಾಕಾರದ ಧ್ರುವೀಕರಣವಾದ್ದರಿಂದ ಫೀಡಿನೊಳಗೆ ಟೆಫ್ಲಾನ್ ಪಟ್ಟಿಯನ್ನೂ 45 ಡಿಗ್ರಿಗೆ ಕೂರಿಸಬೇಕಿತ್ತು.

ಚಾನೆಲ್ ಹತ್ತು ದಾಟಿದ ಮೇಲೆ ಎಸ್-ಬ್ಯಾಂಡ್, ಅಂದರೆ ಆ 2ರಿಂದ 12ರ ಹೊರಗಿನ ಕೇಬಲ್ ಚಾನೆಲ್ಲುಗಳನ್ನು ಹಿಡಿಯುವ ಹೊಸ ಟಿವಿಗಳು ಬಂದವು, ಹಳೆಯವಕ್ಕೆ ಕನ್ವರ್ಟರ್ ಡಬ್ಬಿ. ರ್‍ಯಾಕಿಗೆ ನಾಲ್ಕು ಮಾಡ್ಯುಲೇಟರ್ ಸೇರಿಸಿ ಕೆಲಸ ಮುಗಿಯಿತೆಂದುಕೊಂಡವರಿಗೆ ಮಾರನೆಯ ದಿನವೇ ಓಣಿಯ ತುದಿಯಿಂದ ದೂರು: ಹೊಸ ಚಾನೆಲ್ ಒಂದೂ ಬರುತ್ತಿಲ್ಲ. 230 ಮೆಗಾಹರ್ಟ್ಸ್ ತನಕ ಮಾತ್ರ ನಡೆಯುವ ಆಂಪ್ಲಿಫೈಯರ್, ಟ್ಯಾಪುಗಳು ಮೇಲಿನದ್ದನ್ನು ಅಲ್ಲೇ ತಡೆದಿರುತ್ತಿದ್ದವು. ಹೊಸ ಮಾಡ್ಯುಲೇಟರ್ ತರುವ ಮುನ್ನ ಕೊನೆಯ ಮನೆಯಿಂದ ಹಿಂದಕ್ಕೆ ಟ್ಯಾಪು ಟ್ಯಾಪು ಬಿಚ್ಚಿ ಬದಲಿಸುತ್ತ ಬರಬೇಕು.